ಮಂಗಟ್ಟೆ ರೆಕ್ಕೆಯ ಗಂಧರ್ವರು

ಅನಘಾ, ಸುಹಾಸ್, ನಮ್ಮ ದೇವರಕೋಣೆಯ ಬಾಗಿಲ ಮೇಲಿನ ಗೋಡೆಯಲ್ಲಿರುವ ಇಬ್ಬರು ಗಂಧರ್ವರಲ್ಲಿ ಒಬ್ಬನ ರೆಕ್ಕೆ ಯಾಕೆ ಸೊಟ್ಟಗಿದೆ ಎಂದು ನೀವು ಕೇಳಿದಾಗಲೆಲ್ಲ ನಿಮ್ಮ ಅಜ್ಜಿಯಾದ ನಾನು ನಾಚಿ ಮಾತು ಬದಲಿಸುತ್ತಿದ್ದೆ. ಈಗ ಬರೆದಿಡುತ್ತೇನೆ.

ಅವರನ್ನು ಬರೆದವರು ಆಲ್ದೂರಿನ ಪೈಂಟರ್ ಮಂಜಪ್ಪಣ್ಣ. ಬೇರೆಯವರ ಕಿವಿಯ ಮೇಲೆ ಬೀಡಿ ಇದ್ದರೆ ಇವರ ಕಿವಿಯ ಮೇಲೆ ಹಕ್ಕಿಯ ಗರಿ. ತೋಟದ ದಾರಿಯಲ್ಲಿ ಬಿದ್ದದ್ದನ್ನು ಹೆಕ್ಕಿ ಸಿಕ್ಕಿಸಿಕೊಳ್ಳುವರು. ಗಂಧರ್ವರಿಗೂ ನಮ್ಮ ಮಂಗಟ್ಟೆ ಹಕ್ಕಿಯ ಕಪ್ಪು-ಬಿಳಿ ರೆಕ್ಕೆಯನ್ನೇ ಕೊಟ್ಟರು.

"ದೇವಲೋಕದವ್ರಿಗೆ ಕಾಡುಹಕ್ಕಿ ರೆಕ್ಕೆಯಾ?" ಎಂದು ನನ್ನ ಅತ್ತೆ ಕೇಳಿದರು.

"ಎಲ್ಲಿಂದ್ಲೇ ಬರ್ಲಿ ಅಮ್ಮ, ಇಳಿಯೋದು ನಮ್ಮ ಕಾಡಿಗೇ ತಾನೆ?"

ರೆಕ್ಕೆಯನ್ನು ಕೊನೆಗೆ ಬರೆಯುವುದು ಅವರ ಕ್ರಮ. ಮೊದಲೇ ಕೊಟ್ಟರೆ ಕೆಲಸ ಮುಗಿಯುವ ಮುಂಚೆ ಹಾರಿಹೋಗುತ್ತಾರಂತೆ. ಎಡಗಡೆಯವನದು ಮುಗಿಸಿ, ಬಲಗಡೆಯವನಿಗೆ "ತಡಿ ಮಾರಾಯ, ನಾಳೆ ನಿಂದು" ಎಂದು ಹೇಳಿ ಹೋದವರು ಬರಲೇ ಇಲ್ಲ.

ಅದೇ ವಾರ ನಿಮ್ಮ ಅಜ್ಜನನ್ನು ಹೃದಯದ ಆಪರೇಷನ್ನಿಗೆ ಮಂಗಳೂರಿಗೆ ಕರೆದೊಯ್ದರು. "ದೇವರ ಬಾಗ್ಲಲ್ಲಿ ಅರೆಬರೆ ಕೆಲ್ಸ ಇಟ್ಕೊಂಡು..." ಎಂದು ಅತ್ತೆ ಉಳಿದ ಮಾತು ನುಂಗಿದರು. ಅವರು ನುಂಗಿದ್ದು ನನ್ನ ಹೊಟ್ಟೆಯಲ್ಲಿ ಕೂತಿತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ. ತಲೆಯೆತ್ತಿದರೆ ರೆಕ್ಕೆಯಿಲ್ಲದವನು ನನ್ನನ್ನೇ ನೋಡುತ್ತಿದ್ದ. ಆಪರೇಷನ್ನಿನ ಹಿಂದಿನ ದಿನ, ಒಬ್ಬಳೇ ಎಂದೂ ಬಸ್ ಹತ್ತದ ನಾನು ಆಲ್ದೂರಿಗೆ ಹೋದೆ.

ಮಂಜಪ್ಪಣ್ಣ ಬಲಗೈಯನ್ನು ಟವಲಿನಡಿ ಮುಚ್ಚಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಟವಲು ಒಂದೇ ಸಮನೆ ನಡುಗುತ್ತಿತ್ತು.

"ಕೈ ನಿಲ್ತಾ ಇಲ್ಲ ಅಕ್ಕಾ. ಹೇಳ್ಕೊಳ್ಳೋಕೆ ನಾಚ್ಕೆ ಆಯ್ತು."

ಆದರೂ ನನ್ನ ಜೊತೆ ಬಂದರು. ಬಂದವರೇ ಬ್ರಷ್ಷನ್ನು ನನ್ನ ಕೈಗೆ ಕೊಟ್ಟರು.

"ನಂಗೆ ಬರಲ್ಲ ಮಂಜಪ್ಪಣ್ಣ."

"ದಿನಾ ರಂಗೋಲಿ ಹಾಕ್ತೀರಲ್ಲ, ಅದೇ ಕೈ. ಹತ್ತಿ."

ಏಣಿಗೆ ಭುಜ ಕೊಟ್ಟು ನಿಂತು, ಕಿವಿಯ ಮೇಲಿನ ಗರಿ ತೆಗೆದು ಎಡಗೈಯಲ್ಲಿ ಎತ್ತಿ ತೋರಿಸಿದರು. ನಾನು ಅಭ್ಯಾಸದಂತೆ ಮೊದಲು ಸಾಲಾಗಿ ಚುಕ್ಕಿ ಇಟ್ಟೆ.

"ಅಯ್ಯೋ ಅಕ್ಕಾ, ಗಂಧರ್ವಂಗೆ ದಡಾರ ಎದ್ದಂಗಾಯ್ತು!"

ಭಯದ ನಡುವೆಯೂ ನಗು ಬಂತು. ಮುಗಿಸಿ ಇಳಿದು ನೋಡಿದರೆ ರೆಕ್ಕೆ ಸೊಟ್ಟ. ನನ್ನ ಮುಖ ನೋಡಿ ಅವರೆಂದರು, "ಇರ್ಲಿ ಬಿಡಿ, ಹಾರೋನು ಅವ್ನು."

ಹೊರಡುವಾಗ ಗರಿಯನ್ನು ನನಗೇ ಕೊಟ್ಟರು. "ಇನ್ನು ನಂಗ್ಯಾಕೆ?" ಎಂದರು. ಅದೇ ಕೊನೆಯ ಭೇಟಿ. ಅಜ್ಜ ಗುಣವಾಗಿ ಬಂದು, ಚುಕ್ಕಿಗಳನ್ನು ನೋಡಿ ನಕ್ಕು, ಮಂಜಪ್ಪಣ್ಣನಿಗೆ ಹೇಳಿಕಳಿಸುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಈಗ ನಿಮ್ಮಪ್ಪ ಆ ಗೋಡೆ ಒಡೆಸಿ ಕೋಣೆ ದೊಡ್ಡದು ಮಾಡಿಸುವ ಮಾತಾಡುತ್ತಿದ್ದಾನೆ. ಬೇಡ ಅನ್ನಲು ನನಗೆ ಇನ್ನೂ ಬಾಯಿ ಬಂದಿಲ್ಲ. ಗೋಡೆ ಉಳಿಯುತ್ತದೋ ಇಲ್ಲವೋ, ಈ ಹಾಳೆಗಳನ್ನಾದರೂ ಜೋಪಾನವಾಗಿಡಿ. ಮಡಚಬೇಡಿ, ನಡುವೆ ಗರಿ ಇದೆ.