ಹೊಸ ಮಷೀನಿಗೆ ದೃಷ್ಟಿ ತೆಗೆದ ದಿನ

ನನಗೆ ಉಸಿರು ಕಟ್ಟುವ ದಮ್ಮಿನ ರೋಗ ಇದೆ ಎಂಬುದು ಕುಂದಗೋಳದ ನಮ್ಮ ಓಣಿಗೆಲ್ಲ ಗೊತ್ತಿತ್ತು. ಒಪ್ಪದಿದ್ದವರು ಒಬ್ಬರೇ, ನನ್ನ ಅತ್ತೆ. ನಾನು ಕೆಮ್ಮಲು ಶುರುಮಾಡಿದರೆ ಸಾಕು, "ತಿಕ್ಕೂ ಭಾಂಡಿ ಬಿದ್ದಾವಂದ್ರ ಇಕಿಗೆ ದಮ್ಮು ಬರ್ತೈತಿ ನೋಡ್ರಿ" ಎಂದು ಬಾಜೂ ಮನೆಗೆ ಕೇಳುವ ಹಾಗೆ ಹೇಳುವರು. ಊರ ತುಂಬ ಮೆಣಸಿನಕಾಯಿ ಒಣಹಾಕುವ ದಿನಗಳಲ್ಲಿ ನಾನು ಮೂಗಿಗೆ ಸೆರಗು ಕಟ್ಟಿಕೊಂಡು ಓಡಾಡಿದರೆ ನಗುವರು. ಬರೀ ನಕ್ಕಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ನನ್ನ ತವರಿಗೆ ಫೋನು ಮಾಡಿ, ರೋಗದ ಹುಡುಗಿಯನ್ನು ನಮ್ಮ ಕೊರಳಿಗೆ ಕಟ್ಟಿದಿರಿ ಎಂದೂ ಅಂದಿದ್ದರು. ದಮ್ಮು ಸುಳ್ಳಾದರೆ ರೋಗ ಎಲ್ಲಿಂದ ಬಂತು ಎಂದು ಕೇಳಿದೆ. ಕೇಳಿದ್ದಕ್ಕೆ ನಾನು ಬಾಯಿಬಡಕಿಯಾದೆ.

ಆ ಮನೆಯಲ್ಲಿ ಗಾಳಿ ಸಾಗಿಸುವ ಕೊಳವೆ, ಅಂದರೆ ಡಕ್ಟು, ಮೊದಲೇ ಇತ್ತು. ಮಾವ ಬದುಕಿದ್ದಾಗ ಯಾವುದೋ ಕಲ್ಯಾಣಮಂಟಪದಲ್ಲಿ ನೋಡಿ ಬಂದು, ಮಾಳಿಗೆಯ ಮೇಲೆ ದೊಡ್ಡ ಕೂಲರ್ ಕೂರಿಸಿ, ಅದರ ಗಾಳಿ ಕೋಣೆಕೋಣೆಗೂ ಹೋಗಲೆಂದು ತಗಡಿನ ಡಕ್ಟು ಹಾಕಿಸಿದ್ದರು. ಆ ತೇವದ ಗಾಳಿಗೆ ಗೋಡೆಗಳೆಲ್ಲ ಬೂಸು ಹಿಡಿದು ನನ್ನ ಕೆಮ್ಮು ದುಪ್ಪಟ್ಟಾಯಿತು. ಮಾವ ತೀರಿಕೊಂಡ ಮೇಲೆ ಕೂಲರ್ ಗುಜರಿಗೆ ಹೋಯಿತು, ಡಕ್ಟು ಉಳಿಯಿತು. ಹುಬ್ಬಳ್ಳಿಯ ಡಾಕ್ಟರು ನನ್ನ ಗಂಡನನ್ನು ಎದುರಿಗೆ ಕೂರಿಸಿಕೊಂಡು, ಇವರಿಗೆ ತೇವ ಆಗದು, ಧೂಳು ಆಗದು, ಚಳಿಯಂತೂ ಆಗಲೇ ಆಗದು, ಹೀಗೇ ಬಿಟ್ಟರೆ ಮುಂದಿನ ಚಳಿಗಾಲ ದಾಟುವುದು ಕಷ್ಟ ಎಂದು ಬಿಡಿಸಿ ಹೇಳಿದರು. ಗೊಬ್ಬರದ ಅಂಗಡಿಯಲ್ಲಿ ಕೂತು ದಿನವಿಡೀ ಮಾತಾಡುವ ಮನುಷ್ಯ ಅಂದು ಬಸ್ಸಿನಲ್ಲಿ ಫೋನು ತೆಗೆದು ಏನೇನೋ ಹುಡುಕುತ್ತಾ ಬಂದ. ಊರಿಗೆ ಬಂದ ಮೇಲೆ ಹೀಟ್ ಪಂಪ್ ಹಾಕಿಸುತ್ತೇನೆ ಎಂದ. ಚಳಿಗಾಲದಲ್ಲಿ ಹೊರಗಿನ ಗಾಳಿಯಲ್ಲಿರುವ ಕಾವನ್ನು ಎಳೆದು ಒಳಗೆ ತರುವ, ಬೇಸಿಗೆಯಲ್ಲಿ ಒಳಗಿನ ಕಾವನ್ನು ಹೊರಗೆ ದಬ್ಬುವ ಮಷೀನು. ಹಳೆಯ ಡಕ್ಟಿಗೇ ಜೋಡಿಸಿದರಾಯಿತು.

"ಬೋರ್‌ನ್ಯಾಗ ನೀರಿಲ್ಲ, ಗಾಳಿಗೆ ಪಂಪ್ ಹಚ್ಚಾಕ ಹೊಂಟಾನ ನನ್ನ ಮಗಾ" ಎಂದರು ಅತ್ತೆ. ನನಗೂ ನಗು ಬಂತು. ಆದರೆ ಆಕೆಯ ಮಾತಿಗೆ ನಗುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಹುಬ್ಬಳ್ಳಿಯಿಂದ ಬಂದ ಫಿಟ್ಟರು ಕಿವಿಗೆ ಫೋನು ಅಂಟಿಸಿಕೊಂಡೇ ಡಕ್ಟು ಬಡಿದು ನೋಡಿದ. ಕೂಲರ್ ಹೊರಗಿನ ಗಾಳಿಯನ್ನು ಒಳಗೆ ಊದುತ್ತಿತ್ತು, ಅದು ಕಿಟಕಿಯಿಂದ ಹೋಗುತ್ತಿತ್ತು. ಈ ಮಷೀನು ಮನೆಯೊಳಗಿನ ಗಾಳಿಯನ್ನೇ ವಾಪಸು ಎಳೆದುಕೊಂಡು, ಕಾಯಿಸಿ, ಮತ್ತೆ ಕೋಣೆಗಳಿಗೆ ಕಳಿಸುತ್ತದೆ. ಆ ಎಳೆಯುವ ಬಾಯಿ ಹಳೆಯ ಡಕ್ಟಿಗೆ ಇರಲಿಲ್ಲ, ಹೊಸದಾಗಿ ಗೋಡೆ ಒಡೆಯಬೇಕು. ಅವನು ಪಡಸಾಲೆಯ ಗೋಡೆಗೆ, ದೇವರ ಜಗುಲಿಯ ಪಕ್ಕ, ಸುಣ್ಣದ ಕಡ್ಡಿಯಿಂದ ಗೆರೆ ಎಳೆದ.

"ದ್ಯಾವರ ಗ್ವಾಡಿ ಒಡದ್ರ ನಾ ಮಠಕ್ಕ ಹೋಗಿ ಕುಂದರತೀನಿ ನೋಡು ತಮ್ಮಾ" ಎಂದರು ಅತ್ತೆ.

ಗಂಡ ಗೆರೆಯನ್ನು ಕೈಯಿಂದಲೇ ಅಳಿಸಿದ. "ಬ್ಯಾರೆ ಕಡೆ ನೋಡ್ರಿ."

"ಬ್ಯಾರೆ ಅಂದ್ರ ಅಡಗಿಮನಿ ಬಾಗಲಾ ಬಾಜೂಕ ಆಗ್ತೈತ್ರಿ. ಒಗ್ಗರಣಿ ವಾಸನಿ ಎಳೀತೈತಿ. ಆಮ್ಯಾಲೆ ನನಗ ಬೈಬ್ಯಾಡ್ರಿ" ಎಂದ ಫಿಟ್ಟರು.

ನಾನು ಆಗಲೇ ಬೈದೆ. "ಉಸರಾಡಾಕಂತ ಮಷೀನ ತಂದು ಒಗ್ಗರಣಿ ಘಾಟು ಕುಡಸ್ತೀರೇನ್ರಿ?"

"ನೀ ಸುಮ್ನಿರು, ದ್ಯಾವರ ವಿಷಯ ಐತಿ" ಎಂದ ಗಂಡ. ತಾಯಿಯ ವಿಷಯ ಬಂದಾಗಲೆಲ್ಲ ಅವನಿಗೆ ದೇವರು ನೆನಪಾಗುತ್ತಾನೆ. ಅಡುಗೆಮನೆಯ ಬಾಗಿಲ ಪಕ್ಕ, ನನ್ನ ಕೋಣೆಯ ಎದುರಿಗೆ, ನೆಲದಿಂದ ಮೊಳಕಾಲೆತ್ತರಕ್ಕೆ, ಗೋಡೆ ಒಡೆದು ಆ ಬಾಯಿಗೆ ಜಾಲರಿ ಕೂರಿಸಿದರು.

ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಚಳಿಯ ಒಂದು ಬೆಳಗ್ಗೆ ಮಷೀನು ಚಾಲೂ ಆಯಿತು. ಒಂದೊಂದೇ ಕೋಣೆ ಪರೀಕ್ಷೆ ಮಾಡಬೇಕೆಂದು ಫಿಟ್ಟರು ಉಳಿದ ಕೋಣೆಗಳಿಗೆ ಗಾಳಿ ಬಿಡುವ ಜಾಲರಿಗಳನ್ನು ಮುಚ್ಚಿ, ಗಾಳಿಯನ್ನೆಲ್ಲ ನನ್ನ ಕೋಣೆಗೇ ತಿರುಗಿಸಿದ. ತಾನು ಕರೆಯುವ ತನಕ ಬಾಗಿಲು ತೆಗೆಯಬಾರದೆಂದು ನನಗೆ ಹೇಳಿ, ನನ್ನ ಗಂಡನನ್ನು ಕರೆದುಕೊಂಡು ಮಾಳಿಗೆ ಹತ್ತಿದ. ನಾನು ಹಾಸಿಗೆಯ ಮೇಲೆ ಕೂತೆ. ಬೆಚ್ಚನೆಯ ಒಣ ಗಾಳಿ ತಲೆಯ ಮೇಲಿಂದ ಇಳಿಯಿತು. ಎಷ್ಟೋ ದಿನಗಳ ಮೇಲೆ ಎದೆ ಸಲೀಸಾಗಿ ತುಂಬಿಕೊಂಡಿತು. ಗಂಡನ ಮೇಲೆ ಆ ಕ್ಷಣ ಪ್ರೀತಿ ಬಂತು, ಸುಳ್ಳೇಕೆ ಹೇಳಲಿ.

ಅತ್ತಲಾಗೆ ಅತ್ತೆ ಹೊಸ ಮಷೀನಿಗೆ ದೃಷ್ಟಿ ತೆಗೆಯಲು ಹೊರಟಿದ್ದರು. ಹೊಸದೇನು ಬಂದರೂ, ಕೂಸಿರಲಿ ಟ್ರ್ಯಾಕ್ಟರ್ ಇರಲಿ, ಒಣಮೆಣಸಿನಕಾಯಿ ಮತ್ತು ಉಪ್ಪನ್ನು ನಿವಾಳಿಸಿ ಕೆಂಡಕ್ಕೆ ಹಾಕುವುದು ನಮ್ಮಲ್ಲಿ ರೂಢಿ. ಘಾಟು ಎದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿ ಇಲ್ಲ. ಕಾಯಿ ಸುಟ್ಟು ಕರಕಾದರೂ ಘಾಟು ಬರದಿದ್ದರೆ ಯಾರದೋ ಕೆಟ್ಟ ಕಣ್ಣು ಜೋರಾಗಿ ಬಿದ್ದಿದೆ ಎಂದು ಲೆಕ್ಕ. ಅತ್ತೆ ಕೆಂಡದ ಅಗ್ಗಿಷ್ಟಿಕೆಯನ್ನು ಅಡುಗೆಮನೆಯ ಪಕ್ಕದ, ಗಾಳಿ ಎಳೆಯುವ ಆ ಜಾಲರಿಯ ಎದುರಿಗೇ ಇಟ್ಟು, ಹಿಡಿ ಮೆಣಸಿನಕಾಯಿ ನಿವಾಳಿಸಿ ಹಾಕಿದರು. ಹೊಗೆಯೆಲ್ಲ ಜಾಲರಿಯೊಳಗೆ ಹೋಯಿತು. ಆಕೆಯ ಮೂಗಿಗೆ ಏನೂ ಬಡಿಯಲಿಲ್ಲ. ದೃಷ್ಟಿ ಭಾಳ ಐತಿ ಎಂದುಕೊಂಡು ಇನ್ನೊಂದು ಹಿಡಿ ಹಾಕಿದರು. ಆಗಲೂ ಘಾಟಿಲ್ಲ. ಡಬ್ಬಿಯನ್ನೇ ಸುರುವಿದರು.

ನನ್ನ ಕೋಣೆಯಲ್ಲಿ ಮೊದಲು ಕಣ್ಣು ಉರಿಯಿತು. ಆಮೇಲೆ ಗಂಟಲಿಗೆ ಯಾರೋ ಸೂಜಿ ತುರುಕಿದ ಹಾಗಾಯಿತು. ಬಾಗಿಲ ತನಕ ಹೋದದ್ದು ನೆನಪಿದೆ, ಚಿಲಕ ಸಿಕ್ಕದ್ದು ನೆನಪಿದೆ. ಹೊರಗೆ ಬಿದ್ದಾಗ ಎದುರಿಗೆ ಅತ್ತೆ ಅಗ್ಗಿಷ್ಟಿಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. "ಶುರು ಆತು ನೋಡ್ರಿ ಇಕಿದು" ಎಂದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ನಿನ ನಳಿಗೆ ಹಾಕಿಸಿಕೊಂಡು ಮಲಗಿದೆ. ಗಂಡ ಪಕ್ಕದ ಸ್ಟೂಲಿನ ಮೇಲೆ ಕೂತು ಅತ್ತ. ಅಳುವುದಕ್ಕೇನು, ಅಳಲಿ. ಗೆರೆ ಅಳಿಸಿದ ಕೈ ಅವನದೇ.

ಮನೆಗೆ ಬಂದ ಮೇಲೆ ನನ್ನನ್ನು ನೋಡಲು ಬಂದ ಹೆಂಗಸರಿಗೆಲ್ಲ ಅತ್ತೆ ಚಹಾ ಕೊಟ್ಟು ಕಥೆ ಹೇಳಿದರು. "ಡಬ್ಬಿಗಟ್ಟಲೆ ಸುಟ್ಟೀನ್ರಿ, ಒಂದೀಟು ಘಾಟು ಬರಲಿಲ್ಲ. ಬಾಜೂಕ ಕುಂತ ನನಗ ಬರದ ಕೆಮ್ಮು, ಬಾಗಲಾ ಹಾಕ್ಕೊಂಡು ಕುಂತಾಕಿಗೆ ಹೆಂಗ ಬರ್ತೈತ್ರಿ? ಎಲ್ಲಾ ಸೋಗು. ಮಷೀನಿಗೆ ಕಣ್ಣು ಬಿದ್ದೈತಿ, ಬಿಚ್ಚಿಸಿ ಬಿಡು ಅಂತ ಮಗಗ ಹೇಳೀನಿ." ಮಗ ಬಿಚ್ಚಿಸುವುದಕ್ಕೂ ಒಪ್ಪಿದ್ದ. ಫಿಟ್ಟರಿಗೆ ಫೋನು ಹೋಗಿತ್ತು, ನಾಳೆ ಬರುತ್ತೇನೆ ಎಂದಿದ್ದ. ಹೊರಗೆ ಚಳಿ ಇನ್ನೂ ಬಿಟ್ಟಿರಲಿಲ್ಲ. ಮಷೀನು ಹೋದರೆ ನಾನೂ ಅದರ ಹಿಂದೆಯೇ ಹೋಗುವವಳು ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಪಡಸಾಲೆ ತುಂಬ ಹೆಂಗಸರಿದ್ದಾಗಲೇ ನಾನು ಎದ್ದೆ. ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ತಂದು ಜಾಲರಿಯ ಮುಂದೆ ಇಟ್ಟೆ. ಬೇರೆ ಕೋಣೆಗಳ ಜಾಲರಿಗಳು ಅಂದು ಫಿಟ್ಟರು ಮುಚ್ಚಿದ ಹಾಗೆಯೇ ಇದ್ದವು. ಮಷೀನು ಹಚ್ಚಿದೆ. ಒಂದು ಬೋಗುಣಿ ಮೆಣಸಿನಕಾಯಿ ಕೈಯಲ್ಲಿ ಹಿಡಿದು ನನ್ನ ಕೋಣೆಯ ಬಾಗಿಲು ತೆಗೆದೆ.

"ಬರ್ರಿ ಅತ್ತಿ, ಒಳಗ ಕುಂದರ್ರಿ. ನಾ ಬಾಗಲಾ ಹಾಕ್ತೀನಿ. ಘಾಟು ಬರಂಗಿಲ್ಲ ಅಂತೀರಲ್ಲ, ಇವತ್ತ ನಾ ಸುಡತೀನಿ."

ಗಂಡ ಅಂಗಡಿಗೆ ಹೊರಟವನು ಬಾಗಿಲಲ್ಲೇ ನಿಂತ. "ಏನ ಹಚ್ಚೀಯಿದು?" ಎಂದ. ನಾನು ಬಾಗಿಲನ್ನು ಇನ್ನಷ್ಟು ಅಗಲ ತೆಗೆದೆ.

ಅತ್ತೆ ಕೋಣೆಯ ಒಳಗೆ ನೋಡಿದರು. ಮೇಲೆ ಗಾಳಿ ಬರುವ ಜಾಲರಿ ನೋಡಿದರು. ನನ್ನ ಕೈಯೊಳಗಿನ ಬೋಗುಣಿ ನೋಡಿದರು. ಒಂದು ಹೆಜ್ಜೆಯೂ ಮುಂದಿಡಲಿಲ್ಲ.

"ನನಗ ವಯಸ್ಸಾಗೇತಿ" ಎಂದರು. "ಅದರಾಗ ಕುಂತ್ರ ಸತ್ತ ಹೋಗತೀನಿ."

ಹೆಂಗಸರು ಚಹಾದ ಕಪ್ಪು ಕೆಳಗಿಟ್ಟರು. ಗಂಡ ಕಿಸೆಯಿಂದ ಫೋನು ತೆಗೆದು ಅಂಗಳಕ್ಕೆ ಹೋದ. "ಬಿಚ್ಚೂದು ಬ್ಯಾಡ್ರಿ. ಆ ಬಾಯಿ ಪಡಸಾಲಿ ಗ್ವಾಡಿಗೆ ಹಾಕ್ರಿ" ಎನ್ನುವುದು ಎಲ್ಲರಿಗೂ ಕೇಳಿಸಿತು. ಅತ್ತೆ ಮಠದ ಮಾತೆತ್ತಲಿಲ್ಲ.

ಗೆದ್ದೆ ಎಂದು ಖುಷಿಪಡಬೇಕಿತ್ತು. ಸಿಟ್ಟಿಗೆ ಬೋಗುಣಿಯನ್ನು ನೆಲಕ್ಕೆ ಕುಕ್ಕಿದೆ. ನನ್ನ ದಮ್ಮು ಎಂಥದ್ದೆಂದು ಆಕೆಗೆ ತಿಳಿಯುವುದಿಲ್ಲ, ಹಳೇ ಕಾಲದ ಹೆಣ್ಣುಮಗಳು ಎಂದು ನಾನು ಅಷ್ಟು ವರ್ಷ ಹಲ್ಲು ಕಚ್ಚಿಕೊಂಡು ಬಾಳಿದ್ದೆ. ಆಕೆಗೆ ತಿಳಿದಿತ್ತು.