ಇಲಿಗೂ ಬರುವ ಮೂರ್ಛೆ

ನನಗೆ ಮೂರ್ಛೆ ಬರುತ್ತಿತ್ತು. ಬಿದ್ದಾಗ ಕೈಗೆ ಕಬ್ಬಿಣದ ಬೀಗದ ಕೈ ತುರುಕುತ್ತಿದ್ದರು, ಮೂಗಿಗೆ ಈರುಳ್ಳಿ ಹಿಡಿಯುತ್ತಿದ್ದರು, ಆಮೇಲೆ ದೂರ ನಿಂತು ನೋಡುತ್ತಿದ್ದರು. ಎಚ್ಚರವಾದಾಗ ಮೊದಲು ಕಾಣುತ್ತಿದ್ದದ್ದು ಸುತ್ತ ನಿಂತವರ ಪಾದಗಳು. ಸೀರೆ ಎಲ್ಲಿಯವರೆಗೆ ಸರಿದಿತ್ತೋ, ಯಾರ್‍ಯಾರು ನೋಡಿದರೋ ಎಂದು ನೆನೆದು ನಾಚಿಕೆಯಿಂದ ಹಿಡಿಯಷ್ಟಾಗುತ್ತಿದ್ದೆ. ಬೀಳುವುದಕ್ಕಿಂತ ಏಳುವುದೇ ಕಷ್ಟವಾಗಿತ್ತು.

ಬಂಡಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳುವಿನ ಮನೆಗೆ ಮಡಿ ಜಾಸ್ತಿ. ನಾನಂತೂ ಅದರ ಹೊಸಿಲು ದಾಟುವಂತಿರಲಿಲ್ಲ. ನನ್ನ ನೆರಳು ಬಿದ್ದರೆ ಹುಳುವೂ ಒದ್ದಾಡಿ ಸಾಯುತ್ತದೆ ಎಂದು ಅಜ್ಜಿ ನಂಬಿದ್ದಳು. ಸೊಪ್ಪು ಕೊಯ್ಯಲು ಮಾತ್ರ ನಾನು ಬೇಕಿತ್ತು. ನಾನು ಕೊಯ್ದ ಸೊಪ್ಪು ತಿಂದ ಹುಳುಗಳಿಗೆ ಏನೂ ಆಗುತ್ತಿರಲಿಲ್ಲವಲ್ಲ, ಅದನ್ನು ಯಾರೂ ಕೇಳಲಿಲ್ಲ.

ನನ್ನ ಸೋದರಮಾವ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇಲಿ ನೋಡಿಕೊಳ್ಳುವ ಕೆಲಸದಲ್ಲಿದ್ದ. ಅಲ್ಲಿ ಬಿಳಿ ಇಲಿಗಳಿಗೆ ಡಾಕ್ಟರುಗಳು ಕರೆಂಟು ಕೊಟ್ಟು ಮೂರ್ಛೆ ಬರಿಸಿ, ಯಾವ ಔಷಧಿಗೆ ಅದು ನಿಲ್ಲುತ್ತದೆ ಎಂದು ನೋಡುತ್ತಿದ್ದರಂತೆ. ನನ್ನನ್ನು ಅಲ್ಲಿಗೆ ಕರೆದೊಯ್ದು ಮಾತ್ರೆ ಕೊಡಿಸಿದವನೂ ಅವನೇ.

ಮಾತ್ರೆಯಿಂದ ಮೂರ್ಛೆ ಅಪರೂಪವಾದ ಮೇಲೆ ಯಳಂದೂರಿನ ಕಡೆಯಿಂದ ಗಂಡಿನವರು ನನ್ನನ್ನು ನೋಡಲು ಬಂದರು. ಕಾಯಿಲೆಯ ಸುದ್ದಿ ಎತ್ತಕೂಡದೆಂದು ಅಪ್ಪ ಎಲ್ಲರಿಗೂ ತಾಕೀತು ಮಾಡಿದ್ದ. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ಬರುವ ಹೊತ್ತಿಗೆ ಗಂಡಿನ ಅಪ್ಪ, ಅಂದು ಊರಿಗೆ ಬಂದಿದ್ದ ಮಾವನ ಕೆಲಸ ಏನೆಂದು ಕೇಳಿದ. ಕೆಲಸದ ಮಾತು ಬಂದರೆ ಮಾವನಿಗೆ ಮೈಮೇಲೆ ಎಚ್ಚರವಿರುತ್ತಿರಲಿಲ್ಲ.

“ಇಲಿಗೂ ಮನುಸ್ರಂಗೇ ಮೂರ್ಛೆ ಬತ್ತದೆ ಕಣ್ರಿ. ನಮ್ ಮಗೀಗೆ ಬತ್ತಿತ್ತಲ್ಲ, ಅಂಗೇಯ. ಕೈಕಾಲು ಸೆಟ್ಕತ್ತವೆ, ಬಾಯಲ್ಲಿ ನೊರೆ...”

ಗಂಡಿನವರು ಉಪ್ಪಿಟ್ಟು ಮುಟ್ಟದೆ ಎದ್ದರು. ಅವರು ಎದ್ದದ್ದಕ್ಕಿಂತ ಮಾವನ ಹೋಲಿಕೆಯೇ ನನ್ನನ್ನು ಸುಟ್ಟಿತು. ಹುಳುವಿನ ಮನೆಗೆ ಸಲ್ಲದವಳು ಈಗ ಇಲಿಗಳ ಪಂಕ್ತಿಗೆ ಸೇರಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸಂಜೆ ಮಾವ ಹಿತ್ತಿಲಿಗೆ ಬಂದು ತಲೆ ತಗ್ಗಿಸಿ ಪಕ್ಕದಲ್ಲಿ ಕೂತ. ಬೈಯಬೇಕೆಂದೇ ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

“ಮಾವ, ಎದ್ದ ಮ್ಯಾಕೆ ಆ ಇಲಿ ಏನ್ ಮಾಡ್ತದೆ?”

“ವಸಿ ಒತ್ತು ಮಂಕಾಗಿರ್ತದೆ. ಆಮ್ಯಾಕೆ ಮೂತಿ ಉಜ್ಕಂಡು ತಿನ್ನಾಕೆ ಓಯ್ತದೆ.”

“ನಾಚ್ಕೆ ಆಗಾಕಿಲ್ವಾ?”

“ಇಲಿಗ್ಯಾಕವ್ವ ನಾಚ್ಕೆ? ಮಿಕ್ಕ ಇಲಿಗಳು ಬಂದು ಅದ್ರ ಮೈಗೆ ಮೈ ಒತ್ಕಂಡು ಮನೀಕತ್ತವೆ, ಅಷ್ಟೇಯ.”

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಮೊರ ಹಿಡಿದು ನಿಂತಿದ್ದಳು. ಕೇಳಿಸಿಕೊಂಡು ಒಳಗೆ ಹೋದಳು.

ಮುಂದೊಂದು ದಿನ ಅಮ್ಮನ, ಚಿಕ್ಕಮ್ಮನ ಜೊತೆ ನಾನು ಹನೂರಿನ ಸಂತೆಗೆ ಹೋಗಿದ್ದಾಗ ಮತ್ತೆ ಬಿದ್ದೆ. ಎಚ್ಚರವಾದಾಗ ಎಂದಿನಂತೆ ಪಾದಗಳು ಕಂಡವು. ಎಂದಿನಂತೆ ನಾಚಿಕೆಯೂ ಮುತ್ತಿತು. ಆ ನಾಚಿಕೆಗೆ ಮಾವ ಯಾವ ಮಾತ್ರೆಯನ್ನೂ ತಂದಿರಲಿಲ್ಲ. ಆದರೆ ಕೈಯಲ್ಲಿ ಬೀಗದ ಕೈ ಇರಲಿಲ್ಲ. ಬೆನ್ನು ಬೆಚ್ಚಗಿತ್ತು. ಸಂತೆಯ ಧೂಳಿನಲ್ಲಿ, ಅಷ್ಟು ಜನರ ನಡುವೆ, ಅಮ್ಮ ನನ್ನ ಬೆನ್ನಿಗೆ ಎದೆಯೊತ್ತಿಕೊಂಡು ಮಲಗಿದ್ದಳು.

“ಏಳಕ್ಕಾ, ಜನ ನೋಡ್ತಾವ್ರೆ,” ಎಂದು ಚಿಕ್ಕಮ್ಮ ಅವಳ ಸೆರಗು ಎಳೆದಳು.

“ನೋಡ್ಲಿ ಬುಡು,” ಎಂದಳು ಅಮ್ಮ. ಏಳಲಿಲ್ಲ.