ಅಕ್ಕ ಎಂಬ ಅತಿಥಿ

ಜನಗಣತಿಗೆ ಬಂದ ಶಿಕ್ಷಕಿ ನಮ್ಮ ಡೊಂಬಿವಲಿ ಮನೆಯ ಬಾಗಿಲ ಮೇಲೆ ಮಾರ್ಕರಿನಲ್ಲಿ ಅಂಕಿ ಬರೆದು ಒಳಗೆ ಬಂದರು. ಮಾರ್ಕರಿನ ವಾಸನೆಯೂ ಜೊತೆಗೆ ಬಂತು. "ಘರಾತ್ ಕೋಣ್ ಕೋಣ್ ರಾಹತಾತ್, ಕಾಕಾ?" ಮನೆಯಲ್ಲಿ ಯಾರ್ಯಾರಿದ್ದೀರಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅಕ್ಕನ ಉತ್ತರ ಬಂತು: "ತೋ ಏಕಟಾಚ್. ಮೀ ಪಾಹುಣಿ." ಅವನೊಬ್ಬನೇ, ನಾನು ಅತಿಥಿ.

ಈ ಅತಿಥಿ ಬಂದು ಇಪ್ಪತ್ತೆರಡು ವರ್ಷವಾಯಿತು.

ಅತಿಥಿ ಎಂದದ್ದೇ ನನಗೆ ಹಿಂದೆ ದುಡಿಯುತ್ತಿದ್ದ ಘಣಸೋಲಿಯ ಆಫೀಸು ನೆನಪಾಯಿತು. ಅಲ್ಲಿ ನನ್ನ ಕೆಲಸ ಕೇಳಿದರೆ ನೀವು ನಗುತ್ತೀರಿ. ಸ್ಕಾಟ್ಲೆಂಡಿನ ಹಳ್ಳಿಗಳ ನೂರು ವರ್ಷಕ್ಕೂ ಹಳೆಯ ಜನಗಣತಿಯ ಹಾಳೆಗಳನ್ನು ಕಂಪ್ಯೂಟರಿಗೆ ಟೈಪ್ ಮಾಡುವುದು, ಅಲ್ಲಿನವರು ತಮ್ಮ ಹಿರಿಯರನ್ನು ಹುಡುಕಿಕೊಳ್ಳಲಿ ಎಂದು. ನನ್ನ ಮುತ್ತಜ್ಜನ ಹೆಸರು ನನಗೆ ಗೊತ್ತಿಲ್ಲ. ಅಲ್ಲಿನ ಒಂದು ಊರಿನ ಕಮ್ಮಾರನ ಏಳು ಮಕ್ಕಳ ಹೆಸರು ಬಾಯಿಪಾಠವಿತ್ತು.

ಅಲ್ಲೊಬ್ಬಳು ಜಾನೆಟ್, ಉಳುವವನ ಹೆಂಡತಿ. ಹತ್ತು ವರ್ಷದ ನಂತರದ ಹಾಳೆಯಲ್ಲಿ ಗಂಡನೂ ಇಲ್ಲ, ಅವಳೂ ಇಲ್ಲ. ಸತ್ತಿರಬೇಕು ಎಂದರು ಜೊತೆಯವರು. ನಾನು ಒಪ್ಪಲಿಲ್ಲ. ನಮ್ಮದು ಅಳಿಯಸಂತಾನದ ಮನೆತನ. ಗಂಡ ತೀರಿಕೊಂಡರೆ ಹೆಣ್ಣು ತಾಯಿಮನೆಗೆ ಬರುತ್ತಾಳೆ. ಊಟದ ಬಿಡುವಿನಲ್ಲಿ ಅವಳು ಹುಟ್ಟಿದ ಊರಿನ ಹಾಳೆಗಳನ್ನು ತೆರೆದೆ. ಸಿಕ್ಕಿದಳು, ಅಣ್ಣನ ಮನೆಯಲ್ಲಿ. ಆದರೆ ಸಂಬಂಧದ ಕಾಲಮಿನಲ್ಲಿ 'ಅತಿಥಿ' ಎಂದಿತ್ತು. ಮುಂದಿನ ಗಣತಿಯಲ್ಲೂ ಅದೇ. ಹತ್ತು ವರ್ಷ ಯಾರಾದರೂ ಅತಿಥಿಯಾಗಿರುವುದುಂಟೇ? ನಾನು ಸಿಟ್ಟಿನಿಂದ 'ತಂಗಿ' ಎಂದೇ ಟೈಪ್ ಮಾಡಿದೆ. ಸೂಪರ್‌ವೈಸರ್ ಹಿಡಿದರು. "ಜೋ ಲಿಖಾ ಹೈ ವಹೀ ಡಾಲೋ. ಆಪ್ ಉಸ್‌ಕೇ ರಿಶ್ತೇದಾರ್ ಹೈಂ ಕ್ಯಾ?" ಬರೆದದ್ದನ್ನೇ ಹಾಕಿ, ನೀವೇನು ಅವಳ ನೆಂಟರೇ ಎಂದು.

ಮನೆಗೆ ಬಂದು ಆ ಅಣ್ಣನನ್ನು ಬಾಯಿತುಂಬ ಬೈದೆ. ಗಂಡ ತೀರಿಕೊಂಡ ಅಕ್ಕ ಒಬ್ಬಂಟಿಯಾದ ನನ್ನಲ್ಲಿಗೆ ಬಂದ ಹೊಸತು ಅದು. ಅವಳು ನಕ್ಕಳು. "ಬರೆಸಿದ್ದು ಅವಳೇ ಇರಬೇಕು ಮಾರಾಯ. ನಾನು ಇಲ್ಲಿಯವಳೇ ಅಂತ ಬಾಯಿಬಿಟ್ಟು ಹೇಳುವುದು ಹೇಗೆ?"

ಆ ಮಾತು ನನಗೆ ತಾಗಲೇ ಇಲ್ಲ. ಅವಳ ಬಟ್ಟೆಯ ಚೀಲ ಅಂದಿನಿಂದ ಮಂಚದ ಕೆಳಗೇ ಇದೆ. ಇದು ನಿನ್ನ ಮನೆ ಎಂದು ನಾನೂ ಹೇಳಲಿಲ್ಲ, ಹೇಳುವುದೇನಿದೆ ಅಂದುಕೊಂಡಿದ್ದೆ. ಈಗ 'ಪಾಹುಣಿ' ಎಂದದ್ದು ಕೇಳಿ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ನಾಚಿಕೆಯಾಯಿತು.

ಶಿಕ್ಷಕಿ ಮೊಬೈಲ್ ಹಿಡಿದು ಕಾಯುತ್ತಿದ್ದರು. "ಕುಟುಂಬ ಪ್ರಮುಖ್?" ನಾನು ಅಕ್ಕನ ಹೆಸರು ಹೇಳಿದೆ.

ಅಡುಗೆಮನೆಯಲ್ಲಿ ಸಟ್ಟುಗದ ಸದ್ದು ನಿಂತಿತು. "ನಿನಗೆ ಎಂತ, ಮರ್ಲಾ?" ಹುಚ್ಚು ಹಿಡಿಯಿತಾ ಎಂದು.

"ತಾಯಿಮನೆಗೆ ಹಿರಿಯ ಹೆಣ್ಣೇ ಅಲ್ವಾ ಯಜಮಾನಿ?"

ಅವಳು ಸಟ್ಟುಗ ಹಿಡಿದೇ ಬಾಗಿಲಿಗೆ ಬಂದಳು. "ಹಾಗಾದರೆ ನಿನ್ನನ್ನು ಎಂತ ಅಂತ ಬರೆಸುವುದು?"

"ತಮ್ಮ ಅಂತ."

ಸಂಜೆ ಗುಡಿಸಲು ಬಗ್ಗಿದರೆ ಮಂಚದ ಕೆಳಗೆ ಚೀಲವಿರಲಿಲ್ಲ. ಕಪಾಟು ತೆರೆದೆ. ನನ್ನ ಅಂಗಿಗಳೆಲ್ಲ ಕೆಳಗಿನ ಒಂದೇ ಅರೆಗೆ ಇಳಿದಿದ್ದವು. ಮೇಲಿನ ಎರಡರಲ್ಲೂ ಅಕ್ಕನ ಸೀರೆಗಳಿದ್ದವು.